ಕೊಡಗಿನ ಪದವಿ ವಿದ್ಯಾರ್ಥಿಗಳು ಮತ್ತು ಸಾಗರ ವಿಜ್ಞಾನದ ಸಂಶೋಧನಾ ತರಬೇತಿ

ಕೊಡಗಿಗೆ ಕಡಲತೀರವಿಲ್ಲ, ಆದರೆ ಕಡಲಿನೊಡನೆ ಅದರ ಸಂಬಂಧ ನಿಕಟವಾದುದು. ತಲಕಾವೇರಿಯಲ್ಲಿ ಹುಟ್ಟುವ ಕಾವೇರಿ ಸುಮಾರು 800 ಕಿ.ಮೀ. ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಪಯಸ್ವಿನಿಯು ಚಂದ್ರಗಿರಿ ಎಂಬ ಹೆಸರಿನಿಂದ ಕಾಸರಗೋಡಿನ ಬಳಿ ಅರಬ್ಬೀ ಸಮುದ್ರವನ್ನು ಕೂಡುತ್ತದೆ. ಪುಷ್ಪಗಿರಿ ಶ್ರೇಣಿಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಬೆರೆತು ಮಂಗಳೂರಿನ ಅಳಿವೆಗೆ ಹರಿಯುತ್ತದೆ. ಈ ನದಿಗಳನ್ನು ತುಂಬುವ ಮುಂಗಾರು ಬರುವುದೂ ಕಡಲಿನಿಂದಲೇ. ಇಂತಹ ನಾಡಿನ ಪದವಿ ವಿದ್ಯಾರ್ಥಿಗೆ ಸಾಗರ ಸಂಶೋಧನೆಯ ಬಾಗಿಲು ಎಷ್ಟರಮಟ್ಟಿಗೆ ತೆರೆಯಿತೆಂಬುದು ವಿಚಾರಾರ್ಹ.

ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆಯ ಫಲವಾಗಿ 1966ರಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಸ್ಥಾಪನೆಗೊಂಡಿತು. ಗೋವಾದ ದೋನಾ ಪಾವ್ಲಾ ಅದರ ಕೇಂದ್ರವಾಯಿತು. ಮಂಗಳೂರಿನಲ್ಲಿ 1969ರಲ್ಲಿ ಮೀನುಗಾರಿಕಾ ಕಾಲೇಜು ಆರಂಭವಾಯಿತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ರೂಪುಗೊಂಡಾಗ ಕೊಡಗಿನ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದವು. ಹೀಗೆ ಮಲೆನಾಡಿನ ವಿದ್ಯಾರ್ಥಿಗಳು ಕರಾವಳಿಯ ವಿಶ್ವವಿದ್ಯಾಲಯಕ್ಕೆ ಸೇರಿದವರಾದರು.

ಆದರೆ ಸಂಯೋಜನೆ ಬೇರೆ, ಸಂಶೋಧನೆಯ ಪ್ರವೇಶ ಬೇರೆ. ಮಂಗಳಗಂಗೋತ್ರಿಯ ಸಾಗರ ಭೂವಿಜ್ಞಾನ ಸ್ನಾತಕೋತ್ತರ ಹಂತದ ವಿಷಯವಾಗಿತ್ತು. ಮೀನುಗಾರಿಕಾ ಪದವಿಯು ವೃತ್ತಿಶಿಕ್ಷಣವಾದುದರಿಂದ ಅಲ್ಲಿ ಕ್ಷೇತ್ರಾನುಭವವು ಪಠ್ಯಕ್ರಮದ ಅಂಗವೇ ಆಗಿತ್ತು. ಸಾಮಾನ್ಯ ಬಿ.ಎಸ್ಸಿ. ವಿದ್ಯಾರ್ಥಿಯಾದರೋ ಉತ್ತರ ಮೊದಲೇ ಗೊತ್ತಿರುವ ಪ್ರಯೋಗಗಳನ್ನು ಮಾಡಿ, ದಾಖಲೆ ಪುಸ್ತಕ ಒಪ್ಪಿಸಿ ಪದವಿ ಮುಗಿಸುವುದು ರೂಢಿಯಾಗಿತ್ತು.

ಈ ಅಂತರವನ್ನು ಭಾಗಶಃ ತುಂಬಿದ್ದು ರಾಷ್ಟ್ರಮಟ್ಟದ ಬೇಸಿಗೆ ಸಂಶೋಧನಾ ಯೋಜನೆಗಳು. 1999ರಲ್ಲಿ ಆರಂಭವಾಗಿ 2022ರಲ್ಲಿ ನಿಂತ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ ಎಳೆಯ ವಯಸ್ಸಿನಲ್ಲೇ ಪ್ರತಿಭೆಯನ್ನು ಗುರುತಿಸಿತು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನೀಡಿದ ಬೇಸಿಗೆ ಶಿಷ್ಯವೇತನದಡಿ, ಆಯ್ಕೆಯಾದ ವಿದ್ಯಾರ್ಥಿಯು ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಮಾರ್ಗದರ್ಶನದಲ್ಲಿ ದುಡಿದು ವರದಿ ಸಲ್ಲಿಸಬೇಕಿತ್ತು. ಸಾಗರ ವಿಜ್ಞಾನದಲ್ಲಿ ಇಂತಹ ಕೆಲಸವೆಂದರೆ ನೀರಿನ ಲವಣಾಂಶವನ್ನು ಅಳೆಯುವುದು, ಕೆಸರಿನ ಕಣಗಳನ್ನು ಗಾತ್ರಾನುಸಾರ ಬೇರ್ಪಡಿಸುವುದು, ಉಪಗ್ರಹದ ಮಾಹಿತಿಯನ್ನು ವಿಶ್ಲೇಷಿಸುವುದು. ಇವುಗಳಿಗೆ ಹಡಗು ಹತ್ತಲೇಬೇಕೆಂದಿಲ್ಲ.

ಇಲ್ಲಿಯೇ ಕೊಡಗಿನ ಪ್ರಾಮುಖ್ಯ ಎದ್ದು ಕಾಣುತ್ತದೆ. 2002ರಲ್ಲಿ ಅರಬ್ಬೀ ಸಮುದ್ರದ ಮುಂಗಾರು ಪ್ರಯೋಗವು ಪಶ್ಚಿಮ ಕರಾವಳಿಯ ಭಾರೀ ಮಳೆಗೂ ಸಮುದ್ರದ ಮೇಲಿನ ವಾಯುಸ್ಥಿತಿಗೂ ಇರುವ ನಂಟನ್ನು ಅಭ್ಯಸಿಸಿತು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಲಿನ ಬೆಟ್ಟಗಳು ಕುಸಿದು ಅಪಾರ ಮಣ್ಣು ಹೊಳೆಗಳ ಪಾಲಾಯಿತು. ಕಡಲತಳದ ಕೆಸರನ್ನು ಅರಿಯಬೇಕಾದರೆ ಅದು ಹೊರಟ ಬೆಟ್ಟವನ್ನೂ ಅರಿಯಬೇಕು.

2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಪ್ರತ್ಯೇಕವಾಗಿ ಸ್ಥಾಪನೆಗೊಂಡಿತು. ಉನ್ನತ ಶಿಕ್ಷಣ ಮನೆಬಾಗಿಲಿಗೆ ಬಂದಿತಾದರೂ, ಕರಾವಳಿಯೊಡನೆ 43 ವರ್ಷ ಇದ್ದ ಶೈಕ್ಷಣಿಕ ನಂಟು ಸಡಿಲವಾಯಿತು. ಆ ನಂಟು ಇದ್ದಾಗಲೂ ಅದು ಪದವಿ ತರಗತಿಯವರೆಗೆ ತಾನಾಗಿ ಇಳಿದು ಬರಲಿಲ್ಲವೆಂಬುದು ಈ ಇತಿಹಾಸದ ಪಾಠ. ನದಿ ತನ್ನಷ್ಟಕ್ಕೆ ಕಡಲನ್ನು ಸೇರುತ್ತದೆ; ವಿದ್ಯಾರ್ಥಿಗೆ ಆ ದಾರಿಯನ್ನು ಸಂಸ್ಥೆಗಳೇ ನಿರ್ಮಿಸಿಕೊಡಬೇಕಾಗುತ್ತದೆ.