ಇಟ್ಟಿಗೆಗಳ ನಡುವಿನ ಗಾರೆ

ಹಳೆಯ ಕಟ್ಟಡಗಳ ಮುಂದೆ ನಿಂತಾಗ ನಮ್ಮ ಕಣ್ಣು ಕಮಾನು, ಕಂಬಗಳ ಕಡೆಗೆ ಹೋಗುತ್ತದೆ. ಇಟ್ಟಿಗೆಗಳ ನಡುವಿನ ಸಂದನ್ನು ನೋಡುವವರು ಕಡಿಮೆ. ಆದರೆ ಗೋಡೆಯ ಆಯುಸ್ಸನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಸಂದಿನಲ್ಲಿರುವ ಗಾರೆ.

ಮೊಹೆಂಜೊದಾರೊದ ಮನೆಗಳಲ್ಲಿ ಸುಟ್ಟ ಇಟ್ಟಿಗೆಗಳನ್ನು ಸಾಮಾನ್ಯವಾಗಿ ಕಲಸಿದ ಮಣ್ಣಿನಲ್ಲೇ ಕೂರಿಸಿದ್ದರು. ನೀರು ನಿಲ್ಲಬೇಕಾದ ಮಹಾಸ್ನಾನಗೃಹಕ್ಕೆ ಮಾತ್ರ ಜಿಪ್ಸಂ ಗಾರೆ ಬಳಸಿ, ಹಿಂಬದಿಗೆ ನೈಸರ್ಗಿಕ ಡಾಂಬರಿನ ಪದರ ಕೊಟ್ಟರು. ಎಲ್ಲಿಗೆ ಯಾವ ಗಾರೆ ಎಂಬ ವಿವೇಚನೆ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇತ್ತು.

ಸುಣ್ಣದ ಗಾರೆಯ ರಸಾಯನ ಸ್ವಾರಸ್ಯಕರವಾದುದು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದುದನ್ನು ನೀರಿನಲ್ಲಿ ಅರಳಿಸಿ, ಮರಳು ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲ, ಅಳಲೆಕಾಯಿಯ ನೀರು ಬೆರೆಸುವ ವಾಡಿಕೆಯೂ ಇತ್ತು. (ಹಳೆಯ ಗೋಡೆಗಳಿಗೆಲ್ಲ ಕೋಳಿಮೊಟ್ಟೆ ಹಾಕಿದ್ದರೆಂಬ ಮಾತನ್ನು ಅಷ್ಟಾಗಿ ನಂಬಬೇಕಿಲ್ಲ.) ಗೋಡೆ ಸೇರಿದ ಸುಣ್ಣ ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಗೆ ಹೀರಿ ಮತ್ತೆ ಕಲ್ಲಾಗುತ್ತದೆ. ದಪ್ಪ ಗೋಡೆಯ ಒಳಗೆ ಇದಕ್ಕೆ ವರ್ಷಗಳೇ ಹಿಡಿಯುತ್ತವೆ, ನೀರಿನಡಿಯಲ್ಲಂತೂ ಆಗದು. ಅದಕ್ಕಾಗಿ ರೋಮನ್ನರು ಜ್ವಾಲಾಮುಖಿಯ ಬೂದಿ ಬೆರೆಸಿದರು; ನಮ್ಮವರು ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನು ಬೆರೆಸಿದರು. ಸುಟ್ಟ ಜೇಡಿಮಣ್ಣಿನ ಸಿಲಿಕ, ಅಲ್ಯುಮಿನಗಳು ಸುಣ್ಣದೊಡನೆ ಕೂಡಿದಾಗ ಗಾರೆ ನೀರಿನಲ್ಲೂ ಗಟ್ಟಿಯಾಗುತ್ತದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಕಲ್ಲಿನದಾದರೂ, ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆಯೇ.

ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಇಪ್ಪತ್ತನೆಯ ಶತಮಾನದಲ್ಲಿ ಸಿಮೆಂಟು ನಮ್ಮಲ್ಲೂ ಹಬ್ಬಿ, ಸುಣ್ಣದ ಗಾಣಗಳು ನಿಂತುಹೋದವು. ಹೊಸ ಕಟ್ಟಡಗಳ ಮಟ್ಟಿಗೆ ಇದು ಅನುಕೂಲವೇ. ತೊಂದರೆ ಬಂದದ್ದು ಹಳೆಯ ಗೋಡೆಗಳ ದುರಸ್ತಿಯಲ್ಲಿ. ಸವೆದ ಸುಣ್ಣವನ್ನು ಕೆರೆದು, ಸಂದುಗಳಿಗೆ ಸಿಮೆಂಟು ತುಂಬಿದರು. ಮೊದಲು ಗೋಡೆಯ ತೇವ ಸುಣ್ಣದ ಸಂದುಗಳ ಮೂಲಕ ಆರಿಹೋಗುತ್ತಿತ್ತು. ಆ ದಾರಿಯನ್ನು ಸಿಮೆಂಟು ಮುಚ್ಚಿದ ಮೇಲೆ, ಅದು ಮೆದುವಾದ ಹಳೆಯ ಇಟ್ಟಿಗೆಗಳ ಮೂಲಕವೇ ಹೊರಬರಬೇಕಾಗುತ್ತದೆ. ತೇವದೊಡನೆ ಬಂದ ಲವಣ ಇಟ್ಟಿಗೆಯೊಳಗೆ ಹರಳುಗಟ್ಟಿ, ಮೇಲ್ಮೈ ಹಪ್ಪಳದಂತೆ ಎದ್ದು ಉದುರುತ್ತದೆ. ಕೆಲವು ಗೋಡೆಗಳಲ್ಲಿ ಇಟ್ಟಿಗೆ ಒಳಸರಿದು, ಸಿಮೆಂಟಿನ ಗೆರೆಗಳಷ್ಟೇ ಜಾಲರಿಯಂತೆ ಮುಂದೆ ಚಾಚಿರುವುದನ್ನು ಕಾಣಬಹುದು. ನೋಡಿದವರು ಇಟ್ಟಿಗೆ ಕಳಪೆ ಎನ್ನುತ್ತಾರೆ!

ಪರಿಹಾರ ಗುಟ್ಟಿನದೇನಲ್ಲ. ಸಂದಿನ ಅಗಲದ ಕನಿಷ್ಠ ಎರಡರಷ್ಟು ಆಳ ಕೆರೆದು, ಇಟ್ಟಿಗೆಗಿಂತ ಮೆದುವಾದ ಸುಣ್ಣದ ಗಾರೆ ತುಂಬಿ, ಒದ್ದೆ ಗೋಣಿ ಹೊದಿಸಿ ದಿನಗಟ್ಟಲೆ ಕಾಯಬೇಕು. ಮಾರ್ಚ್ ತಿಂಗಳೊಳಗೆ ಬಿಲ್ಲು ಮುಗಿಯಬೇಕಾದ ಕಾಮಗಾರಿಗಳಿಗೆ ಈ ಕಾಯುವಿಕೆ ಒಗ್ಗುವುದಿಲ್ಲ.