ಲಂಡನ್ನಿನ ಷೇರು, ಕೋಲಾರದ ಕಲ್ಲು

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲ 2007ರವರೆಗೆ ಕೋಲಾರ ಜಿಲ್ಲೆಯವೇ. ಆ ಜಿಲ್ಲೆಯ ಹೆಸರು ಲಂಡನ್ನಿನ ಷೇರುಪೇಟೆ ಮುಟ್ಟಿದ್ದು ಚಿನ್ನದಿಂದ.

ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ನಿವೃತ್ತ ಸೈನಿಕ ಲವೆಲ್ 1875ರಲ್ಲಿ ಗಣಿ ಪರವಾನಗಿ ಪಡೆದ. ಬಂಡವಾಳ ಸಾಲದೆ ಹಕ್ಕು ಕೈಬದಲಾಯಿತು. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಅಗೆದಷ್ಟೂ ಬರೀ ಕಲ್ಲು, ಷೇರು ನೆಲಕಚ್ಚಿತು. ಕಂಪನಿ ಮುಚ್ಚುವ ಮಾತು ಎದ್ದಾಗ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಸಂಸ್ಥೆ ಹೂಡಿಕೆದಾರರನ್ನು ಒಪ್ಪಿಸಿ, ಉಳಿದ ಹಣದಲ್ಲಿ ಇನ್ನೊಮ್ಮೆ ಅಗೆಸಿತು. ಹಿಂದಿನವರು ತೋಡಿದ್ದ ಗುಂಡಿಗಳ ಜಾಡು ಹಿಡಿದ ಕ್ಯಾಪ್ಟನ್ ಪ್ಲಮ್ಮರ್‌ಗೆ ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಸಿಕ್ಕಿತು.

ಲಾಭಾಂಶ ಕಡಲಾಚೆಗೆ ಹರಿಯಿತು. ಇದೇ ಗಣಿಗಳ ಚಿನ್ನಕ್ಕಾಗಿ 2018ರ ‘ಕೆಜಿಎಫ್’ ಚಿತ್ರದ ಖಳರಿಗೆ ಬಂದೂಕು ಬೇಕಾಯಿತು. ಟೇಲರ್ ಮಂದಿಗೆ ಲೆಕ್ಕದ ಪುಸ್ತಕವೇ ಸಾಕಾಗಿತ್ತು. 1956ರಲ್ಲಿ ಗಣಿಗಳು ಸರ್ಕಾರದ ಪಾಲಾದವು, 2001ರಲ್ಲಿ ಮುಚ್ಚಿದವು.