ರೋಗಿ ವಿದ್ಯಾರ್ಥಿಯಾದ ಬಗೆ

ಕನ್ನಡದಲ್ಲಿ ‘ಗುಣವಾಯಿತು’ ಎನ್ನುವುದಕ್ಕೂ ‘ಚೇತರಿಸಿಕೊಂಡರು’ ಎನ್ನುವುದಕ್ಕೂ ವ್ಯತ್ಯಾಸವಿದೆ. ಗುಣವಾದರೆ ಕಾಯಿಲೆ ಹೋಯಿತು ಎಂದರ್ಥ. ಚೇತರಿಸಿಕೊಂಡವರಲ್ಲಿ ಕಾಯಿಲೆ ಒಂದಿಷ್ಟು ಉಳಿದಿರಲೂಬಹುದು. ಆದರೂ ಅವರು ಎದ್ದು ಓಡಾಡುತ್ತಾರೆ, ನಾಳೆಯ ಮಾತಾಡುತ್ತಾರೆ. ಇಂಗ್ಲೆಂಡಿನ ‘ರಿಕವರಿ ಕಾಲೇಜು’ಗಳ ಚರಿತ್ರೆ ಓದುವಾಗ ನನಗೆ ಈ ವ್ಯತ್ಯಾಸ ಮತ್ತೆ ಮತ್ತೆ ನೆನಪಾಯಿತು.

ಅದರ ಬೇರು ಅಮೆರಿಕದಲ್ಲಿದೆ. ಪೆಟ್ರೀಷಿಯಾ ಡೀಗನ್ ಅವರಿಗೆ ಹದಿಹರೆಯದಲ್ಲೇ ಸ್ಕಿಜೋಫ್ರೇನಿಯಾ ಎಂದು ವೈದ್ಯರು ಹೇಳಿದ್ದರು. ಮುಂದೆ ಅವರೇ ಮನಶ್ಶಾಸ್ತ್ರಜ್ಞೆಯಾದರು. 1988ರ ಲೇಖನವೊಂದರಲ್ಲಿ, ಚೇತರಿಕೆ ಎಂದರೆ ಕಾಯಿಲೆ ವಾಸಿಯಾಗುವುದಲ್ಲ, ಮಿತಿಗಳನ್ನು ಒಪ್ಪಿಕೊಂಡೇ ಬದುಕನ್ನು ಮರಳಿ ಕಟ್ಟಿಕೊಳ್ಳುವುದು ಎಂದು ವಾದಿಸಿದರು. ಅನುಭವಿಸಿದವರೇ ಹೇಳಿದ್ದರಿಂದ ಆ ಮಾತಿಗೆ ಬೇರೆಯೇ ತೂಕವಿತ್ತು. ಇತ್ತ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಪುನರ್ವಸತಿಯನ್ನು ಚಿಕಿತ್ಸೆಯ ಬದಲು ಶಿಕ್ಷಣವಾಗಿ ನೋಡುವ ಪ್ರಯತ್ನ ನಡೆದಿತ್ತು. ಅರಿಜೋನಾದ ಫೀನಿಕ್ಸ್‌ನಲ್ಲೂ ಅಂಥದೇ ಕೇಂದ್ರ ಹುಟ್ಟಿತು.

ಇದು ಅಟ್ಲಾಂಟಿಕ್ ದಾಟಿ ತಲುಪಿದ್ದು ನೈಋತ್ಯ ಲಂಡನ್ನಿಗೆ. ಅಲ್ಲಿನ ಟೂಟಿಂಗ್‌ನ ಸ್ಪ್ರಿಂಗ್‌ಫೀಲ್ಡ್ ಆಸ್ಪತ್ರೆ 1841ರಲ್ಲಿ ಸರ್ರೆ ಕೌಂಟಿಯ ಬಡವರ ಹುಚ್ಚಾಸ್ಪತ್ರೆಯಾಗಿ ಬಾಗಿಲು ತೆರೆದದ್ದು. ಅದೇ ಆಸ್ಪತ್ರೆಯನ್ನು ನಡೆಸುವ ಸರಕಾರಿ ಆರೋಗ್ಯ ಸಂಸ್ಥೆ 2009ರಲ್ಲಿ ಮೊದಲ ರಿಕವರಿ ಕಾಲೇಜನ್ನು ಪ್ರಯೋಗವಾಗಿ ಆರಂಭಿಸಿತು. ಅದರ ಹಿಂದಿದ್ದವರಲ್ಲಿ ರೇಚಲ್ ಪರ್ಕಿನ್ಸ್ ಮುಖ್ಯರು. ಅವರು ಮನಶ್ಶಾಸ್ತ್ರಜ್ಞೆ, ತಮಗೂ ತೀವ್ರ ಮಾನಸಿಕ ಕಾಯಿಲೆಯಿದೆ ಎಂಬುದನ್ನು ಮುಚ್ಚಿಡದವರು. ಎರಡು ವರ್ಷಗಳಲ್ಲಿ ನಾಟಿಂಗ್‌ಹ್ಯಾಮ್‌ನಲ್ಲೂ ಕಾಲೇಜು ಬಂತು.

ಹೆಸರಿಗಷ್ಟೇ ಕಾಲೇಜಲ್ಲ. ವಿವರಣ ಪುಸ್ತಿಕೆ, ಅವಧಿ, ತರಗತಿ ಎಲ್ಲವೂ ಇರುತ್ತವೆ, ಶುಲ್ಕ ಇಲ್ಲ. ಖಿನ್ನತೆಯನ್ನು ಅರಿಯುವುದು, ಕಿವಿಯಲ್ಲಿ ಧ್ವನಿಗಳು ಕೇಳಿಸುವಾಗ ಬದುಕುವುದು, ನಿದ್ದೆ, ಮರಳಿ ಕೆಲಸಕ್ಕೆ ಹೋಗುವುದು, ತನ್ನ ಕಥೆಯನ್ನು ತಾನೇ ಹೇಳುವುದು, ಹೀಗೆ ಪಾಠಗಳು. ಸಾಮಾನ್ಯವಾಗಿ ವೈದ್ಯರ ಚೀಟಿ ಬೇಕಿಲ್ಲ, ತಾವೇ ಹೆಸರು ನೋಂದಾಯಿಸಬಹುದು. ಕಾಯಿಲೆಯವರು, ಮನೆಯವರು, ಆಸ್ಪತ್ರೆಯ ನೌಕರರು ಒಂದೇ ಕೋಣೆಯಲ್ಲಿ ಕೂರುತ್ತಾರೆ, ಎಲ್ಲರೂ ವಿದ್ಯಾರ್ಥಿಗಳೇ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಪಾಠ ಮಾಡುವವರ ಜೋಡಿ. ಒಬ್ಬರು ವೃತ್ತಿಪರರು, ಇನ್ನೊಬ್ಬರು ಆ ಸಂಕಟವನ್ನು ಸ್ವತಃ ಹಾದುಬಂದವರು. ಪಾಠ ಸಿದ್ಧಪಡಿಸುವುದೂ ಇಬ್ಬರೂ ಸೇರಿಯೇ. ನೂರೈವತ್ತಕ್ಕೂ ಹೆಚ್ಚು ವರ್ಷ ಯಾರ ಬಗ್ಗೆ ಇತರರು ಕಡತ ಬರೆಯುತ್ತ ಬಂದರೋ, ಅಂಥವರ ಕೈಗೆ ಈಗ ಸೀಮೆಸುಣ್ಣ ಬಂತು! ಔಷಧದ ಚರಿತ್ರೆಯಲ್ಲಿ ಇದಕ್ಕೆ ಒಂದು ಸಾಲೂ ಸಿಗಲಿಕ್ಕಿಲ್ಲ.

ಆದರೆ ತಕರಾರುಗಳೂ ಎದ್ದವು. ಕಾಲೇಜುಗಳು ಹಬ್ಬಿದ ಅದೇ ವರ್ಷಗಳಲ್ಲಿ ಬ್ರಿಟನ್ ಸರಕಾರ ಮಿತವ್ಯಯದ ಹೆಸರಿನಲ್ಲಿ ಕಲ್ಯಾಣ ಯೋಜನೆಗಳಿಗೆ ಕತ್ತರಿ ಹಾಕುತ್ತಿತ್ತು. ‘ರಿಕವರಿ ಇನ್ ದಿ ಬಿನ್’, ಅಂದರೆ ಚೇತರಿಕೆಯನ್ನು ಕಸದಬುಟ್ಟಿಗೆ ಹಾಕಿ, ಎಂದೇ ಹೆಸರಿಟ್ಟುಕೊಂಡ ಗುಂಪೊಂದು ಹುಟ್ಟಿತು. ಅದರಲ್ಲಿದ್ದವರೂ ಕಾಯಿಲೆಯನ್ನು ಕಂಡುಂಡವರೇ. ಬಡತನ, ಮನೆಯಿಲ್ಲದಿರುವುದು, ಜನಾಂಗಭೇದ ಮನಸ್ಸನ್ನು ಮುರಿಯುತ್ತಿರುವಾಗ ಚೇತರಿಕೆಯ ಹೊಣೆಯನ್ನು ಒಬ್ಬೊಬ್ಬರ ಹೆಗಲಿಗೆ ಹೊರಿಸುವುದು ಮೋಸ ಎಂಬುದು ಅವರ ವಾದ. ಈ ವಾದವನ್ನು ತಳ್ಳಿಹಾಕಲು ನನ್ನಿಂದಾಗದು. ತರಗತಿಯಲ್ಲಿ ನಿದ್ದೆಯ ಪಾಠ ಚೆನ್ನಾಗಿಯೇ ನಡೆದಿರಬಹುದು; ಬಾಡಿಗೆ ಕಟ್ಟಲಾಗದವರಿಗೆ ರಾತ್ರಿ ನಿದ್ದೆ ಹತ್ತುವುದು ಹೇಗೆ?

ಇಂದು ಇಂಥ ಕಾಲೇಜುಗಳು 28 ದೇಶಗಳಲ್ಲಿವೆ ಎನ್ನುತ್ತದೆ ಒಂದು ಸಮೀಕ್ಷೆ. ಆ ತಕರಾರೂ ಇನ್ನೂ ಮುಗಿದಿಲ್ಲ.